ಲೆಕ್ಕ ಕೇಳಿದರೆ ಪಾಪವೇ?

ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಕ್ರಿಸ್ತನು ಸಭೆಯ (ಅಂದರೆ ಚರ್ಚಿನ) ಅಧಿಕಾರವನ್ನು ಯಾರೋ ಒಬ್ಬರಿಗೆ ಬರೆದುಕೊಟ್ಟು ಹೋಗಲಿಲ್ಲ, ಅದು ಇಡೀ ಸಭೆಗೆ ಸೇರಿದ್ದು ಅಂತ. ಅದಕ್ಕೆ ಬಂದ ಪತ್ರಗಳು ಮೇಜಿನ ತುಂಬ ಇವೆ. ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು, ಜಾಸ್ತಿ ಜನಕ್ಕೆ ಗೊಂದಲ. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ದಾವಣಗೆರೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸಭೆಯ ಖಜಾಂಚಿ ಕೆಲಸವನ್ನೂ ಮಾಡಿದ್ದೇನೆ. ಹಾಗಾಗಿ ನನ್ನ ಉತ್ತರಗಳಲ್ಲಿ ವಾಕ್ಯದ ಜೊತೆ ಲೆಕ್ಕದ ಪುಸ್ತಕವೂ ಬರುತ್ತದೆ.

ಟೀಚರಮ್ಮನವರಿಗೆ ವಂದನೆಗಳು. ಈ ವರ್ಷ ನಾನು ಹೊಸದಾಗಿ ನಮ್ಮ ಸಭೆಯ ಕಮಿಟಿಗೆ ಬಂದಿದ್ದೇನೆ. ನಮ್ಮ ಅಯ್ಯನವರು (ಸಭಾಪಾಲಕರು) ಒಳ್ಳೆಯವರು. ಆದರೆ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಕೇಳಿದ್ದಕ್ಕೆ ಒಬ್ಬ ಹಿರಿಯರು, "ಅಭಿಷೇಕ ಹೊಂದಿದವರನ್ನು ಮುಟ್ಟಬೇಡಿ ಅಂತ ವಾಕ್ಯವೇ ಇದೆ, ಸುಮ್ಮನಿರು" ಎಂದರು. ನಾನು ಕೇಳಿದ್ದು ತಪ್ಪಾ?
– ಒಬ್ಬ ಸಹೋದರಿ, ದಾವಣಗೆರೆ

ತಪ್ಪಲ್ಲಮ್ಮ. ಆ ವಾಕ್ಯ ಇರುವುದು 105ನೇ ಕೀರ್ತನೆಯ 15ನೇ ವಚನದಲ್ಲಿ. ದಯವಿಟ್ಟು ಮೂರು ವಚನ ಹಿಂದಕ್ಕೆ ಹೋಗಿ ಓದಿ. ಅಲ್ಲಿ ಮಾತಾಡುತ್ತಿರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಅವರು ಬೆರಳೆಣಿಕೆಯ ಜನ, ಪರದೇಶಿಗಳು, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಅಲೆಯುತ್ತಿದ್ದವರು. ಅವರಿಗೆ ಯಾರೂ ಅನ್ಯಾಯ ಮಾಡದಂತೆ ದೇವರು ಅರಸರನ್ನೇ ಗದರಿಸಿದನು ಎಂದು 14ನೇ ವಚನ ಹೇಳುತ್ತದೆ. "ಮುಟ್ಟಬೇಡಿ" ಎಂಬ ಆಜ್ಞೆ ಬಂದದ್ದು ಸಿಂಹಾಸನದ ಮೇಲೆ ಕೂತವರಿಗೆ, ದಿಕ್ಕಿಲ್ಲದೆ ಅಲೆಯುವವರ ಪರವಾಗಿ. ಅದನ್ನು ಲೆಕ್ಕ ಕೇಳಿದ ಹೆಣ್ಣುಮಗಳ ಬಾಯಿ ಮುಚ್ಚಿಸಲು ಬಳಸುವುದು ವಾಕ್ಯಕ್ಕೇ ಮಾಡುವ ಅನ್ಯಾಯ.

ಪೌಲನಿಗಿಂತ ದೊಡ್ಡ ಸೇವಕರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಯೆರೂಸಲೇಮಿನ ಬಡವರಿಗಾಗಿ ಅವನು ಸಭೆಗಳಿಂದ ಹಣ ಕೂಡಿಸಿದ. ಆ ಹಣ ಒಯ್ಯಲು ತಾನೊಬ್ಬನೇ ಹೊರಡಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಸೇರಿಸಿದ, ಅದು ಸಾಲದು ಎಂದು ಇನ್ನೊಬ್ಬನನ್ನೂ ಸೇರಿಸಿದ. ಕಾರಣವನ್ನು ಅವನೇ ಬರೆದಿದ್ದಾನೆ: ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಸರಿಯಾಗಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ಕೊರಿಂಥದವರಿಗೆ ಬರೆದ ಎರಡನೇ ಪತ್ರ, ಎಂಟನೇ ಅಧ್ಯಾಯ. ನಿಮ್ಮ ಹಿರಿಯರ ಜೊತೆ ಕೂತು ಓದಿ.

ಈಗ ಹರಾಜಿನ ವಿಷಯ. ನಮ್ಮ ಕಡೆ ಸುಗ್ಗಿ ಹಬ್ಬ ನೋಡಿದವರಿಗೆ ಗೊತ್ತು, ಅದರ ಲೆಕ್ಕ ಸುಲಭ ಅಲ್ಲ. ಮೆಕ್ಕೆಜೋಳದ ತೆನೆ, ಬಾಳೆಗೊನೆ, ನಾಟಿ ಕೋಳಿ, ಮನೆಯಲ್ಲಿ ಮಾಡಿದ ಒಬ್ಬಟ್ಟಿನ ಡಬ್ಬಿ, ಎಲ್ಲ ಸಭೆಗೆ ಕಾಣಿಕೆಯಾಗಿ ಬಂದಿರುತ್ತದೆ. ಒಂದು ಕುಂಬಳಕಾಯಿ ಕೂಗಿದರೆ, ಮಗು ಹುಷಾರಾದ ಸಂತೋಷಕ್ಕೆ ಯಾರೋ 500 ರೂಪಾಯಿಗೆ ಹಿಡಿಯುತ್ತಾರೆ. ಹಿಡಿದು ಅದನ್ನು ಮತ್ತೆ ಹರಾಜಿಗೇ ಕೊಡುತ್ತಾರೆ. ಅದೇ ಕಾಯಿ ಮೂರು ಸಲ ಮಾರಾಟವಾಗುತ್ತದೆ! ದುಡ್ಡು ಬರುವುದೂ ಮೂರು ದಾರಿಯಲ್ಲಿ. ನಗದು, ಫೋನ್‌ಪೇ, ಆಮೇಲೆ "ಸಂಬಳ ಆದ ಮೇಲೆ ಕೊಡ್ತೀನಿ, ಬರ್ಕೊಳ್ಳಿ". ಜಗಳ ಹುಟ್ಟುವುದು ಈ ಮೂರನೆಯದರಲ್ಲಿ. ಕೊಟ್ಟವರು ಕೊಟ್ಟಿದ್ದೇನೆ ಎನ್ನುತ್ತಾರೆ, ಪುಸ್ತಕದಲ್ಲಿ ಬಾಕಿ ಎಂದೇ ಇರುತ್ತದೆ.

ಅದಕ್ಕೇ ನಮ್ಮಲ್ಲಿ ಕೂಗುವವರು ಬೇರೆ, ಬರೆಯುವವರು ಬೇರೆ, ದುಡ್ಡು ತೆಗೆದುಕೊಳ್ಳುವವರು ಬೇರೆ. ಎಣಿಸುವಾಗ ಕಮಿಟಿಯ ಹೊರಗಿನವರೊಬ್ಬರು ಇರಲೇಬೇಕು. ಎಣಿಸಿದವರೆಲ್ಲ ಅದೇ ಹಾಳೆಯ ಕೆಳಗೆ ಸಹಿ ಹಾಕುತ್ತಾರೆ. ಮುಂದಿನ ಭಾನುವಾರ ನೋಟಿಸ್ ಬೋರ್ಡಿನಲ್ಲಿ ಬಂದದ್ದು, ಬಾಕಿ ಇರುವುದು, ಶಾಮಿಯಾನ, ಮೈಕ್‌ಸೆಟ್, ಅಡುಗೆಯವರಿಗೆ ಕೊಟ್ಟದ್ದು ಎಲ್ಲವೂ ಇರುತ್ತದೆ. ಇದು ಅಯ್ಯನವರ ಮೇಲಿನ ಅನುಮಾನಕ್ಕೆ ಮಾಡುವ ಕೆಲಸ ಅಲ್ಲ. ಅವರಿಗೆ ಇದೇ ರಕ್ಷಣೆ. ನಾಳೆ ಅವರಿಗೆ ವರ್ಗ ಆಗುತ್ತದೆ. ಹೋದ ಮೇಲೆ ಬೆನ್ನ ಹಿಂದೆ ಗುಸುಗುಸು ಏಳಬಾರದು ಅಂದರೆ ಕಾಗದ ಬೇಕು.

ಒಂದು ಮಾತು ನಿಮಗೂ ಹೇಳಬೇಕು. ಲೆಕ್ಕ ಕೇಳುವಾಗ ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ, ಕಮಿಟಿಯಲ್ಲಿ ಬರವಣಿಗೆಯಲ್ಲಿ ಕೇಳಿ. "ಅಯ್ಯನವರೇ, ಮುಂದಿನ ಸಲ ಬರೆಯೋಕೆ ನಾನೂ ಕೂತ್ಕೊಳ್ತೀನಿ" ಎಂದು ಅದರ ಜೊತೆಗೇ ಹೇಳಿ. ಸಭೆ ನಮ್ಮೆಲ್ಲರದು ಎಂದು ಭಾನುವಾರ ಹೇಳಿ, ಸೋಮವಾರ ಪುಸ್ತಕಕ್ಕೆ ಬೀಗ ಹಾಕಿದರೆ ಯಾರೂ ಏನೂ ಹೊರಲಾರರು. ಗೊತ್ತಿಲ್ಲದ್ದಕ್ಕೆ ಮನುಷ್ಯ ಹೇಗೆ ಹೊಣೆಯಾಗುತ್ತಾನೆ? ನನ್ನ ಇಡೀ ವಾದ ಇಷ್ಟೇ. ಕೆಳಗಿನ ಉತ್ತರಗಳಲ್ಲೂ ಅದೇ ಬರುತ್ತದೆ.

ಅಕ್ಕಾವರೇ, ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ ಅಂತ ಅರ್ಥ. ನಮ್ಮ ಏಳು ಸುತ್ತಿನ ಕೋಟೆಗೂ ಒಬ್ಬನೇ ನಾಯಕ ಇದ್ದ. ಸಭೆಗೂ ಒಬ್ಬರ ಮಾತು ಬೇಕು. ನೀವು ಹೇಳುವ ದಾರಿ ಹಿಡಿದರೆ ಶಿಸ್ತು ಹಾಳಾಗುತ್ತದೆ.
– ನಿವೃತ್ತ ನೌಕರರು, ಚಿತ್ರದುರ್ಗ

ನಿಮ್ಮ ಮೊದಲನೇ ವಾಕ್ಯವನ್ನು ಪೂರ್ತಿ ಒಪ್ಪುತ್ತೇನೆ ಅಣ್ಣಾ. "ಎಲ್ಲರೂ ನೋಡ್ಕೊಳ್ಳೋಣ" ಎಂದು ಬಿಟ್ಟ ಕೆಲಸ ಆಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ನೋಡಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಜೂನ್ ತಿಂಗಳಲ್ಲಿ ಹಾರ್ಮೋನಿಯಂ ಮೇಲೆ ನೀರು ತೊಟ್ಟಿಕ್ಕುತ್ತದೆ. ಹಂಚಿಕೊಳ್ಳುವುದು ಅಂದರೆ ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು ಇರಬೇಕು, ಆ ಹೆಸರು ಎಲ್ಲರಿಗೂ ಗೊತ್ತಿರಬೇಕು.

ಆದರೆ ಒಬ್ಬನೇ ನಾಯಕ ಸಾಕು ಎಂಬುದನ್ನು ಒಪ್ಪಲಾರೆ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ. ಜನ ಸಾಲಾಗಿ ನಿಂತಿದ್ದರು. ಅವನ ಮಾವ ಇತ್ರೋ ನೋಡಿ, ಇದು ಸರಿಯಲ್ಲ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಎಂದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಎಂದ. ಇತ್ರೋ ಮಿದ್ಯಾನಿನ ಯಾಜಕ, ಇಸ್ರಾಯೇಲ್ಯನೇ ಅಲ್ಲ. ದೇವರೊಡನೆ ಮಾತಾಡುತ್ತಿದ್ದ ಮೋಶೆ ಆ ಹೊರಗಿನವನ ಮಾತು ಕೇಳಿದ. ನನಗೆ ಆ ಅಧ್ಯಾಯದಲ್ಲಿ ತುಂಬ ಇಷ್ಟವಾಗುವುದು ಅದೇ.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನೂ ತೆಗೆಯಿರಿ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಅಲಕ್ಷ್ಯ ಮಾಡುತ್ತಿದ್ದಾರೆ ಎಂದು ಗೊಣಗಾಟ ಎದ್ದಿತು. ಅಪೊಸ್ತಲರು, ಅಂದರೆ ಸಭೆ ನಡೆಸುತ್ತಿದ್ದ ಯೇಸುವಿನ ಹನ್ನೆರಡು ಶಿಷ್ಯರು, ಗೊಣಗಿದವರನ್ನು ಗದರಿಸಲಿಲ್ಲ. ನೀವೇ ಏಳು ಜನರನ್ನು ಆರಿಸಿ ಎಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಯಾರಿಗೆ ಅನ್ಯಾಯ ಆಗಿತ್ತೋ ಆ ಕಡೆಯವರ ಕೈಗೇ ಊಟದ ಮೇಜನ್ನು ಕೊಟ್ಟರು ಎಂದು ಕಾಣುತ್ತದೆ. ಇಷ್ಟು ಧೈರ್ಯ ಇವತ್ತು ಯಾವ ಕಮಿಟಿಗೆ ಇದೆ?

ನಮ್ಮ ಹಳೆ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನ ಬೇರಿನಲ್ಲೂ ಇಂಥದ್ದೇ ಒಂದು ಕಥೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಪ್ರಾರ್ಥನಾ ಮನೆ ಕಟ್ಟಿದ ಸಾಲ ತೀರಿರಲಿಲ್ಲ. ಕ್ಯಾಪ್ಟನ್ ಫಾಯ್ ಎಂಬವರು, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದರು. ಬಡವರು ಎಲ್ಲಿಂದ ತರುತ್ತಾರೆ ಎಂದು ಯಾರೋ ಕೇಳಿದರು. ತೀರಾ ಬಡವರಾದ ಹನ್ನೊಂದು ಜನರನ್ನು ನನಗೇ ಒಪ್ಪಿಸಿ, ಅವರಿಂದ ಆಗದಿದ್ದರೆ ಅವರ ಪಾಲು ನಾನೇ ಹಾಕುತ್ತೇನೆ ಎಂದರು ಫಾಯ್. ಹೀಗೆ ಹನ್ನೆರಡು ಜನರ ಗುಂಪುಗಳಾದವು. ದುಡ್ಡಿಗೆಂದು ವಾರವಾರ ಮನೆಗೆ ಹೋದವರಿಗೆ ಆ ಮನೆಗಳ ಕಾಯಿಲೆ, ಕುಡಿತ, ಜಗಳ ಎಲ್ಲ ತಿಳಿಯಿತು. ಈ ಪಂಗಡವನ್ನು ಶುರು ಮಾಡಿದ ಜಾನ್ ವೆಸ್ಲಿ ಅದನ್ನೇ ಹಿಡಿದು ಆ ಗುಂಪುಗಳನ್ನು ಒಬ್ಬರನ್ನೊಬ್ಬರು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. ಅಣ್ಣಾ, ಇದರಲ್ಲಿ ಶಿಸ್ತು ಎಲ್ಲಿ ಹಾಳಾಯಿತು? ಜಾಸ್ತಿಯೇ ಆಯಿತಲ್ವಾ?

ನಮ್ಮ ಸಭೆಯಲ್ಲಿ ಅಡುಗೆ, ಟೀ, ಪಾತ್ರೆ ಎಲ್ಲ ಹೆಂಗಸರದು. ತೀರ್ಮಾನ ಮಾತ್ರ ಗಂಡಸರದು. ಇದನ್ನು ಹೇಗೆ ಎತ್ತಬೇಕು?
– ಸಹೋದರಿಯರ ಸಂಘದ ಸದಸ್ಯೆ, ಹೊಳಲ್ಕೆರೆ

ಸಿ.ಎಸ್.ಐ. ಸಭೆಯಲ್ಲಿ ಹೆಣ್ಣುಮಗಳೊಬ್ಬರಿಗೆ ಮೊದಲ ಬಾರಿ ಸಭಾಪಾಲಕಿಯಾಗಿ ದೀಕ್ಷೆ ಕೊಟ್ಟಿದ್ದು 1976ರಲ್ಲಿ. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಬಿಷಪ್ ಆಗಬಹುದಾದವರು ಹೊಳಲ್ಕೆರೆಯ ಕಮಿಟಿಯಲ್ಲಿ ಕೂರಬಾರದು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಖಾಲಿ ಸಮಾಧಿಯ ಸುದ್ದಿ ತಂದವರು ಹೆಂಗಸರು. ಅಪೊಸ್ತಲರು ಅದನ್ನು ಬರೀ ಹರಟೆ ಎಂದುಕೊಂಡರು ಎಂದು ಲೂಕನು ಮುಚ್ಚಿಡದೆ ಬರೆದಿದ್ದಾನೆ.

ಒಂದು ಸಣ್ಣ ನಿಯಮ ತನ್ನಿ: ಪಾತ್ರೆ ತೊಳೆದು ಮುಗಿಯುವವರೆಗೆ ಮೀಟಿಂಗ್ ಶುರು ಮಾಡುವಂತಿಲ್ಲ. ಎಲ್ಲರೂ ಕೈ ಹಾಕಿದರೆ ಬೇಗ ಮುಗಿಯುತ್ತದೆ. ಕರ್ತನು ಸೊಂಟಕ್ಕೆ ಟವೆಲ್ ಕಟ್ಟಿ ಶಿಷ್ಯರ ಪಾದ ತೊಳೆದ ಮೇಲೆ ನಮ್ಮ ಹಿರಿಯರಿಗೆ ಲೋಟ ತೊಳೆಯುವುದು ಕಷ್ಟವಾಗಬಾರದು.

ನಾನು ಕಥೋಲಿಕ. ನಮ್ಮಲ್ಲಿ ಪಾಲನಾ ಮಂಡಳಿ ಇದೆ, ಆದರೆ ಕೊನೆಗೆ ಫಾದರ್ ಹೇಳಿದ್ದೇ ಆಗುತ್ತದೆ. ರೋಮಿನಲ್ಲಿ ನಡೆದ ಸಿನೊಡ್‌ನಿಂದ (ಪೋಪರು ಕರೆದ ಸಮಾಲೋಚನಾ ಸಭೆಯಿಂದ) ನಮಗೇನು ಬಂತು?
– ಓದುಗರು, ಹರಿಹರ

ನಿಮ್ಮ ಮನೆಯ ವಿಷಯ ನಿಮಗೇ ಹೆಚ್ಚು ಗೊತ್ತು, ಅದಕ್ಕೆ ಸ್ವಲ್ಪವೇ ಹೇಳುತ್ತೇನೆ. ಸೆಪ್ಟೆಂಬರ್ 8ಕ್ಕೆ ಆರೋಗ್ಯಮಾತೆಯ ಹಬ್ಬಕ್ಕೆ ನಾವೂ ನಿಮ್ಮೂರಿಗೆ ಬರುತ್ತೇವೆ. ಆ ಜನಸಾಗರಕ್ಕೆ ನೀರು, ಊಟ, ಸಾಲು ನೋಡಿಕೊಳ್ಳುವ ಸ್ವಯಂಸೇವಕರನ್ನು ನೋಡಿದರೆ ಜವಾಬ್ದಾರಿ ಹೊರುವವರು ನಿಮ್ಮಲ್ಲಿ ಎಷ್ಟಿದ್ದಾರೆ ಎಂದು ಗೊತ್ತಾಗುತ್ತದೆ.

1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ್ದ ಸಭೆ) ಧರ್ಮಸಭೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ ದೇವಜನರ, ಅಂದರೆ ಎಲ್ಲ ವಿಶ್ವಾಸಿಗಳ, ಬಗೆಗಿನ ಅಧ್ಯಾಯ ಮೊದಲು ಬರುತ್ತದೆ, ಬಿಷಪರು ಮತ್ತು ಗುರುಗಳ ಅಧ್ಯಾಯ ಅದರ ನಂತರ. ಆ ಕ್ರಮವನ್ನು ಬೇಕೆಂದೇ ಇಟ್ಟರು. ಆದರೆ 1983ರ ಧರ್ಮಸಭೆಯ ಕಾನೂನಿನಲ್ಲಿ ಪಾಲನಾ ಮಂಡಳಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇದೆ. ನಿಮ್ಮ ಬೇಸರಕ್ಕೆ ಕಾರಣ ಅದು. ಅದೇ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ ಎಂದೂ ಹೇಳುತ್ತದೆ. ನಿಮ್ಮಲ್ಲಿ ಅದು ಇದೆಯಾ, ಕೂಡುತ್ತದಾ, ವರದಿ ಓದುತ್ತಾರಾ? ಅಲ್ಲಿಂದ ಶುರು ಮಾಡಿ.

2021ರಿಂದ 2024ರವರೆಗೆ ನಡೆದ ಸಿನೊಡ್‌ನಲ್ಲಿ ಆದದ್ದೂ ಸಣ್ಣದಲ್ಲ. 2023ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳಿಗೆ ಮತ ಬಂತು. ಕಾರ್ಡಿನಲ್‌ಗಳು, ಸನ್ಯಾಸಿನಿಯರು, ಸಾಮಾನ್ಯ ವಿಶ್ವಾಸಿಗಳು ಒಂದೇ ದುಂಡು ಮೇಜಿನ ಸುತ್ತ ಕೂತರು. ಒಬ್ಬೊಬ್ಬರೂ ಮಾತಾಡಬೇಕು, ನಡುವೆ ಮೌನ ಇರಬೇಕು, ಆಮೇಲೆ ಬೇರೆಯವರ ಮಾತಿನಲ್ಲಿ ತನ್ನ ಮನಸ್ಸಿಗೆ ತಟ್ಟಿದ್ದೇನು ಎಂದು ಹೇಳಬೇಕು. ವಾದಕ್ಕೆ ಕೂರುವ ಮುಂಚೆ ಕೇಳಿಸಿಕೊಳ್ಳುವ ಪದ್ಧತಿ ಇದು. (17ನೇ ಶತಮಾನದಲ್ಲಿ ಹುಟ್ಟಿದ ಕ್ವೇಕರ್ ಪಂಗಡದವರು ಇವತ್ತಿಗೂ ಸಭೆಯಲ್ಲಿ ವೋಟ್ ಹಾಕದೆ, ಹೀಗೇ ಮೌನವಾಗಿ ಕೂತು ಒಮ್ಮತಕ್ಕೆ ಬರುತ್ತಾರೆ.) ಇದಕ್ಕೆ ರೋಮಿನ ಅಪ್ಪಣೆ ಬೇಡ. ನಿಮ್ಮ ವಾರ್ಡಿನ ಪ್ರಾರ್ಥನಾ ಕೂಟದಲ್ಲೇ ಮಾಡಿ ನೋಡಿ, ಫಾದರ್ ಅವರನ್ನೂ ಕರೆಯಿರಿ, ಅವರೂ ಎಲ್ಲರ ನಡುವೆ ಒಬ್ಬರಾಗಿ ಕೂರಲಿ.

ಪ್ರಗತಿಪರ ಕ್ರೈಸ್ತರು ಬೈಬಲಿನ ಅಧಿಕಾರವನ್ನೇ ಒಪ್ಪುವುದಿಲ್ಲ, ಅದು ಅಮೆರಿಕದಿಂದ ಬಂದ ಗಾಳಿ ಅಂತ ನಮ್ಮಮ್ಮ ಹೆದರಿದ್ದಾರೆ. ನನಗೆ ಪ್ರಶ್ನೆಗಳಿವೆ, ಆದರೆ ಅಮ್ಮನ ಮನಸ್ಸು ನೋಯಿಸಲು ಇಷ್ಟವಿಲ್ಲ.
– ಕಾಲೇಜು ವಿದ್ಯಾರ್ಥಿ, ಚಳ್ಳಕೆರೆ

ಆ ಹೆಸರು ಅಮೆರಿಕದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು 1990ರ ದಶಕದಲ್ಲಿ, ನಿಜ. ಆದರೆ ನೊಂದವರ ಕಡೆಯಿಂದ ಬೈಬಲ್ ಓದುವ ಆ ಯೋಚನೆ ನಮ್ಮದೇ ನೆಲದಲ್ಲಿ ಅದಕ್ಕೂ ಮೊದಲೇ ಇತ್ತಪ್ಪ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು, ತುಳಿತಕ್ಕೊಳಗಾದ ಜಾತಿಗಳ ಅನುಭವದಿಂದಲೇ ದೇವರ ಬಗ್ಗೆ ಮಾತು ಶುರುವಾಗಬೇಕು ಎಂದರು. ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ. ಕೇರಳದ ಎಂ.ಎಂ. ಥಾಮಸ್ ದೀಕ್ಷೆ ಪಡೆದ ಗುರುಗಳಲ್ಲ, ಸಾಮಾನ್ಯ ವಿಶ್ವಾಸಿ. ಅವರು 1968ರಿಂದ 1975ರವರೆಗೆ ಸಭೆಗಳ ಜಾಗತಿಕ ಮಂಡಳಿಯ ಕೇಂದ್ರ ಸಮಿತಿಗೆ ಅಧ್ಯಕ್ಷರಾಗಿದ್ದರು. ನಮ್ಮ ಜಿಲ್ಲೆಗಳ ಸಭೆಗಳಲ್ಲಿ ಎಷ್ಟೋ ಮನೆತನಗಳು ಯಾವ ಕೇರಿಯಿಂದ, ಯಾವ ನೋವಿನಿಂದ ಬಂದವು ಎನ್ನುವುದು ನಮಗೆ ಗೊತ್ತು. ಎಲ್ಲರಿಗೂ ಒಂದೇ ಮೇಜು ಎಂಬ ಮಾತನ್ನು ನಮ್ಮ ಅಜ್ಜಿಯರು ಅಮೆರಿಕದಿಂದ ಕಲಿಯಲಿಲ್ಲ.

ನನಗೆ ಬೈಬಲಿನ ಅಧಿಕಾರದ ಮೇಲೆ ಅನುಮಾನ ಇಲ್ಲ. ಅದನ್ನು ಒಬ್ಬರೇ ಬಿಡಿಸಿ ಹೇಳಿ ಉಳಿದವರು ತಲೆ ಆಡಿಸುವುದರ ಮೇಲೆ ಅನುಮಾನ ಇದೆ. ಗುಲಾಮರನ್ನು ಇಟ್ಟುಕೊಂಡವರೂ ಬೈಬಲನ್ನೇ ಓದುತ್ತಿದ್ದರು, ಆದರೆ ಗುಲಾಮರು ಏನು ಓದಿದರು ಎಂದು ಕೇಳಲಿಲ್ಲ. ಒಂದು ಭಾಗ ಓದಿದಾಗ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಿ, ಅವರ ಬಾಯಿಂದಲೂ ಆ ಭಾಗ ಕೇಳಿಸಿಕೊಳ್ಳಬೇಕು. ಹೊರಲಾರದ ಹೊರೆ ಕಟ್ಟಿ ಜನರ ಹೆಗಲ ಮೇಲೆ ಇಡುವವರ ಬಗ್ಗೆ ಯೇಸು ಮತ್ತಾಯ 23ರಲ್ಲಿ ಎಷ್ಟು ಕಟುವಾಗಿ ಮಾತಾಡಿದ್ದಾನೆ ನೋಡು.

ಅಮ್ಮನ ಜೊತೆ ವಾದ ಬೇಡ. ರಾತ್ರಿ ಪ್ರಾರ್ಥನೆ ಹೊತ್ತಿಗೆ ಮಾರ್ಕನ 10ನೇ ಅಧ್ಯಾಯ ಓದು. ಯಾಕೋಬ, ಯೋಹಾನರು ಎಡಬಲದ ಕುರ್ಚಿ ಕೇಳುತ್ತಾರಲ್ಲ, ಆ ಭಾಗ. ಇದು ಓದಿದಾಗ ನಿನಗೆ ಏನನಿಸ್ತಮ್ಮಾ ಅಂತ ಕೇಳು. ಕೇಳಿ ಸುಮ್ನೆ ಕೂತ್ಕೋ. ಆಕೆಗೆ ನಿನಗಿಂತ ಜಾಸ್ತಿ ವಚನಗಳು ಬಾಯಿಪಾಠ ಇರುತ್ತವೆ, ಅವುಗಳನ್ನು ಬಾಳಿ ನೋಡಿದ ಅನುಭವವೂ ಇರುತ್ತದೆ.

(ಪತ್ರವನ್ನು ಪ್ರಕಟಿಸುತ್ತಿಲ್ಲ. ಊರು, ಹೆಸರು ಕೊಡುವುದಿಲ್ಲ. ಪ್ರಶ್ನೆ ಇಷ್ಟು: ಸಭೆಯ ಮುಖಂಡರೊಬ್ಬರು ಹುಡುಗಿಯರ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದಾರೆ. "ಕ್ಷಮಿಸಿಬಿಡಿ, ಸಭೆಯ ಮಾನ ಹೋಗುತ್ತದೆ, ಒಳಗೇ ಸರಿ ಮಾಡೋಣ" ಎಂದು ಹಿರಿಯರು ಹೇಳುತ್ತಿದ್ದಾರೆ. ತಾಯಿಯಾಗಿ ನಾನೇನು ಮಾಡಲಿ?)

ತಂಗೀ, ಪೊಲೀಸರಿಗೆ ಹೇಳಿ. ಇವತ್ತೇ ಹೇಳಿ.

ಒಳಗೇ ಸರಿ ಮಾಡೋಣ ಎನ್ನುವವರು ಮತ್ತಾಯ 18ನೇ ಅಧ್ಯಾಯದ 15ನೇ ವಚನ ತೋರಿಸುತ್ತಾರೆ: ತಪ್ಪು ಮಾಡಿದವನ ಹತ್ತಿರ ನೀನೊಬ್ಬನೇ ಹೋಗಿ ತಿಳಿಸು ಎಂಬ ಮಾತು. ಅದೇ ಅಧ್ಯಾಯದ 6ನೇ ವಚನವನ್ನು ಅವರು ಓದುವುದಿಲ್ಲ. ಈ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂದು ಹೇಳಿದ್ದು ಯೇಸುವೇ. ಹುಡುಗಿಯ ಬಾಯಿ ಮುಚ್ಚಿಸಿ ಉಳಿಸಿಕೊಳ್ಳುವ ಮಾನ ಸಭೆಗೆ ಬೇಡ.

ಕ್ಷಮೆಯ ಮಾತನ್ನು ಈಗ ನಿಮ್ಮ ಮಗಳ ಮುಂದೆ ಯಾರೂ ಎತ್ತಬಾರದು. ಜವಾಬ್ದಾರಿ ಹಂಚಿಕೊಳ್ಳಬೇಕು ಎಂದು ನಾನು ಇಷ್ಟು ಹೊತ್ತು ಬರೆದೆ. ಇಲ್ಲಿ ಅದರ ಅರ್ಥ, ಗೊತ್ತಿದ್ದೂ ಸುಮ್ಮನಿದ್ದ ಪ್ರತಿಯೊಬ್ಬ ಹಿರಿಯರೂ ಉತ್ತರ ಕೊಡಬೇಕು ಅಂತ. ಹುಡುಗಿಯ ಮೇಲೆ ಒಂದು ಎಳ್ಳಿನಷ್ಟು ಹೊಣೆಯೂ ಇಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಮುಚ್ಚಿಟ್ಟರೆ ಅದೇ ಅಪರಾಧ. ಕಮಿಟಿಯ ಅನುಮತಿ, ಬಿಷಪರ ಅನುಮತಿ ಯಾವುದೂ ಬೇಕಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಏನು ನಡೆಯಿತು, ಯಾವ ದಿನ, ಯಾರಿಗೆ ಯಾವಾಗ ಹೇಳಿದಿರಿ, ಅವರು ಏನಂದರು, ಎಲ್ಲವನ್ನೂ ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಮೊಬೈಲಿನ ಮೆಸೇಜುಗಳನ್ನು ಅಳಿಸಬೇಡಿ. ಮಗಳಿಂದ ಮತ್ತೆ ಮತ್ತೆ ಹೇಳಿಸಬೇಡಿ.

ನೀವು ಬರೆದ ನಂಬರಿಗೆ ನಾನು ಆಗಲೇ ಫೋನ್ ಮಾಡಿದ್ದೇನೆ, ನೀವು ಎತ್ತಲಿಲ್ಲ. ಮತ್ತೆ ಮಾಡುತ್ತೇನೆ. ಠಾಣೆಗೆ ಒಬ್ಬರೇ ಹೋಗಲು ಭಯವಾದರೆ ನನಗೆ ತಿಳಿಸಿ, ನಾನು ಜೊತೆಗೆ ಬರುತ್ತೇನೆ.